ಬೆಟ್ಟ ಹತ್ತಿದ ಡೊಂಬಿವಲಿಯ ನೀರು

ಜೀಪು ಮುರಬಾಡದ ರಸ್ತೆಯಲ್ಲಿ ಕೆಟ್ಟು ನಿಲ್ಲಬಹುದಿತ್ತು. ಅತಿಥಿಗಳು ಕಲ್ಯಾಣದಲ್ಲಿ ಇಳಿಯಲಾಗದೆ ಲೋಕಲ್ ಗಾಡಿಯ ಜೊತೆಗೇ ಕಸಾರಾದವರೆಗೆ ಹೋಗಿಬಿಡಬಹುದಿತ್ತು. ಇಳಿದರೂ ಸೇತುವೆಯ ಮೇಲೆ ಯಾರಾದರೂ ಅವರ ಕ್ಯಾಮೆರಾ ಎಗರಿಸಬಹುದಿತ್ತು. ಏಪ್ರಿಲ್ ತಿಂಗಳ ಬಿಸಿಲಿಗೆ ಮುದುಕ ತಲೆ ತಿರುಗಿ ಬೀಳಬಹುದಿತ್ತು. ಮುದುಕ ಗಟ್ಟಿಯಾಗಿದ್ದರೆ ಮುದುಕಿಯಾದರೂ ಬೀಳಬಹುದಿತ್ತು. ಬೆಟ್ಟದ ಕಾಲುದಾರಿಯಲ್ಲಿ ಹಾವು ಬರಬಹುದಿತ್ತು. ನಾಯಿಯಂತೂ ಬಂದೇ ಬರಬೇಕಿತ್ತು. ನನ್ನ ಇಂಗ್ಲಿಷು ಅವರಿಗೆ ತಿಳಿಯದೆ, ಅವರ ಇಂಗ್ಲಿಷು ನನಗೆ ತಿಳಿಯದೆ, ಇಬ್ಬರೂ ದಿನವಿಡೀ ನಗುತ್ತಾ ನಿಂತಿರಬೇಕಾಗಬಹುದಿತ್ತು. ಅವರ ಊರಿನವರು ಹಿಂದಿನ ವರ್ಷ ಬಡವರಿಗೆಂದು ಕಳಿಸಿದ್ದ ಉದ್ದನೆಯ ಉಣ್ಣೆ ಕೋಟು ಈಗ ಬದನೆ ಗಿಡಗಳ ನಡುವೆ ಬೆದರುಬೊಂಬೆಯ ಮೈಮೇಲಿರುವುದನ್ನು ಅವರು ನೋಡಿಬಿಡಬಹುದಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ವಾಡಿಯವರು, ಅಂದರೆ ಆ ಬೆಟ್ಟದ ಪುಟ್ಟ ಹಳ್ಳಿಯವರು, ಕೊಟ್ಟ ನೀರು ಕುಡಿದು ಅವರು ಆಸ್ಪತ್ರೆ ಸೇರಬಹುದಿತ್ತು. ಅಥವಾ ಕುಡಿಯದೆ ವಾಡಿಯವರ ಮನಸ್ಸು ಮುರಿಯಬಹುದಿತ್ತು.

ಇಷ್ಟನ್ನೂ ನಾನು ಒಂದು ಹಾಳೆಯ ಎರಡು ಬದಿಗಳಲ್ಲಿ ಬರೆದಿಟ್ಟುಕೊಂಡಿದ್ದೆ.

ಇದೆಲ್ಲ ಈಗ ನೆನಪಾದದ್ದು ನಮ್ಮ ಮಾಳದ ಮೇಲಿಂದ ಮೊನ್ನೆ ಸುಮತಿ ಕೆಳಗಿಳಿಸಿದ ಅಲ್ಯುಮಿನಿಯಂ ಕ್ಯಾನಿನಿಂದ. ಡೊಂಬಿವಲಿಯ ಮನೆಗಳಲ್ಲಿ ಮಾಳ ಎಂದರೆ ಬಾತ್‌ರೂಮಿನ ನೆತ್ತಿಯ ಮೇಲೆ ಕಟ್ಟಿದ ಒಂದು ಗೂಡು. ಎಸೆಯಲು ಧೈರ್ಯವಿಲ್ಲದ ಸಾಮಾನನ್ನೆಲ್ಲ ಅಲ್ಲಿಡುತ್ತೇವೆ.

"ಇದನ್ನು ಗುಜರಿ ಭಂಗಾರದವನಿಗೆ ಕೊಡ್ಲಿಕ್ಕುಂಟಾ? ಅಲ್ಲ, ಇದರದ್ದೂ ನಿಮ್ಮದೊಂದು ಕಥೆ ಉಂಟಾ?" ಎಂದು ನನ್ನ ಹೆಂಡತಿ ಸ್ಟೂಲಿನ ಮೇಲಿಂದಲೇ ಕೇಳಿದಳು.

"ಕಥೆ ಉಂಟು," ಎಂದೆ.

ಅವಳು ಕ್ಯಾನನ್ನು ನನ್ನ ಕಾಲ ಬಳಿ ಇಟ್ಟು ಒಳಗೆ ಹೋದಳು. ಕಥೆ ಅವಳಿಗೆ ಗೊತ್ತು. ಹಾಗಾಗಿ ನಿಮಗೆ ಹೇಳುತ್ತೇನೆ.

ನಾನು ಹುಟ್ಟಾ ಹೆದರುಪುಕ್ಕಲ ಅಲ್ಲ, ದಯವಿಟ್ಟು ತಪ್ಪು ತಿಳಿಯಬೇಡಿ. ಹೆದರುವವನು ಕೆಲಸ ಬಿಟ್ಟು ಓಡುತ್ತಾನೆ. ನಾನು ಓಡುವುದಿಲ್ಲ, ಕೆಲಸ ಮಾಡುತ್ತಲೇ ಹೆದರುತ್ತೇನೆ. ಬೀಗ ಹಾಕಿ ಮೂರು ಮಾಳಿಗೆ ಇಳಿದ ಮೇಲೆ ಗ್ಯಾಸಿನ ಗುಂಡಿ ನೋಡಲು ಮತ್ತೆ ಮೂರು ಮಾಳಿಗೆ ಹತ್ತುತ್ತೇನೆ. ಹೀಗಾಗಿ ನನ್ನ ಎಂಟು ಐದರ ಗಾಡಿ ವರ್ಷಗಟ್ಟಲೆ ಎಂಟು ಹದಿಮೂರರದ್ದೇ ಆಗಿತ್ತು. ಠಾಣೆಯ ಒಂದು ಕಾರ್ಖಾನೆಯ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದ ನನಗೆ ಈ ಗುಣ ಉಪಯೋಗಕ್ಕೇ ಬಂತು. ನಾನು ಟೈಪು ಮಾಡಿದ ಪತ್ರವನ್ನು ಇನ್ನೊಬ್ಬರು ತಿದ್ದಬೇಕಾಗಿರಲಿಲ್ಲ. ನಾನೇ ನಾಲ್ಕು ಸಲ ತಿದ್ದಿರುತ್ತಿದ್ದೆ.

ಈ ಟೈಪಿಂಗೇ ನನ್ನನ್ನು ಸಿಸ್ಟರ್ ಲಿಲ್ಲಿಯವರ ಕೈಗೆ ಸಿಕ್ಕಿಸಿದ್ದು. ಎಪ್ಪತ್ತರ ದಶಕದ ಕೊನೆಯ ಮಾತು. ಡೊಂಬಿವಲಿಯ ಮಾರ್ಕೆಟ್ಟಿನಲ್ಲಿ ಸುಮತಿ ಒಬ್ಬ ಬಸಳೆ ಮಾರುವವನನ್ನು ತುಳುವಿನಲ್ಲಿ ಬೈಯುತ್ತಿದ್ದಳು. ಅವನಿಗೆ ತಿಳಿಯಬಾರದು, ತನಗೆ ಸಮಾಧಾನವೂ ಆಗಬೇಕು ಎಂಬ ಲೆಕ್ಕ. ಹಿಂದಿನಿಂದ ಯಾರೋ ಗಟ್ಟಿಯಾಗಿ ನಕ್ಕರಂತೆ. ತಿರುಗಿ ನೋಡಿದರೆ ಬಿಳಿ ಸೀರೆ, ಕೊರಳಲ್ಲಿ ಶಿಲುಬೆ, ಕೈಯಲ್ಲಿ ನುಗ್ಗೆಕಾಯಿಯ ಕಟ್ಟು. ಅವರೇ ಸಿಸ್ಟರ್ ಲಿಲ್ಲಿ, ಮಂಗಳೂರು ಕಡೆಯ ಕ್ರೈಸ್ತ ಸನ್ಯಾಸಿನಿ. ಮುರಬಾಡ ದಾಟಿ ಬೆಟ್ಟದ ಬುಡದಲ್ಲಿರುವ ಒಂದು ವಾಡಿಯಲ್ಲಿ ದವಾಖಾನೆ ನಡೆಸುತ್ತಿದ್ದವರು. ಮುಂದಿನ ಭಾನುವಾರ ನಮ್ಮ ಮನೆಗೆ ಬಂದರು, ಗೋಳಿಬಜೆ ತಿಂದರು, ಮೂಲೆಯಲ್ಲಿದ್ದ ನನ್ನ ಹಳೆ ಟೈಪ್‌ರೈಟರ್ ನೋಡಿದರು. ಅಲ್ಲಿಗೆ ನನ್ನ ಭಾನುವಾರಗಳು ಮುಗಿದವು.

ಅವರ ದವಾಖಾನೆಗೆ ನೆರವು ಬರುತ್ತಿದ್ದದ್ದು ದೂರದ ಒಂದು ಚಳಿ ದೇಶದ ಸಣ್ಣ ಊರಿನ ಚರ್ಚಿನಿಂದ. ಆ ಊರಿನಲ್ಲಿ ಪೀಟರ್ ಎಂಬ ಬೇಕರಿಯವ. ಈಸ್ಟರ್‌ಗೆ ಮೊದಲಿನ ಉಪವಾಸದ ನಲವತ್ತು ದಿನವೂ ಅವನು ಬೆಣ್ಣೆ, ಸಕ್ಕರೆ ಏನೂ ಇಲ್ಲದ ಬೋಳು ಬ್ರೆಡ್ಡು ಸುಡುತ್ತಿದ್ದನಂತೆ. ಊರವರು ಚರ್ಚಿನ ಬಾಗಿಲಲ್ಲಿ ಅದನ್ನು ಕೇಕಿನ ಬೆಲೆಗೆ ಕೊಳ್ಳುತ್ತಿದ್ದರಂತೆ. ಆ ಬ್ರೆಡ್ಡಿನಿಂದ ಇಲ್ಲಿ ಕೆಳಗಿನ ವಾಡಿಗೆ ಒಂದು ಬಾವಿ ಆಗಿತ್ತು. ನೋಡದ ಊರಿನವರು ನೋಡದ ಊರಿನವರಿಗಾಗಿ ಸಪ್ಪೆ ಬ್ರೆಡ್ಡು ತಿನ್ನುವುದು ನನಗೆ ಬಹಳ ಹಿಡಿಸಿತು. ನಾನು ಓದಿದ ಶಾಲೆಯಲ್ಲೂ ವಿದೇಶದ ಹಾಲಿನ ಪುಡಿ ಕಲಸಿ ಕೊಡುತ್ತಿದ್ದರು. ಅದು ಎಲ್ಲಿಂದ ಬಂತು, ಯಾರು ಕಳಿಸಿದರು ಎಂದು ನಾವು ಯಾರೂ ಕೇಳಿರಲಿಲ್ಲ. ಕುಡಿದು ಬಿಳಿ ಮೀಸೆ ಬರಿಸಿಕೊಂಡಿದ್ದೆವು, ಅಷ್ಟೆ.

ಈಗ ಬೇಕಾಗಿದ್ದದ್ದು ಬೆಟ್ಟದ ಮೇಲಿನ ವಾಡಿಗೆ ಇನ್ನೊಂದು ಬಾವಿ. ಸಿಸ್ಟರ್ ಹೇಳುತ್ತಿದ್ದರು, ನಾನು ಟೈಪು ಮಾಡುತ್ತಿದ್ದೆ. ಅವರು "ನೀರು ಬಹಳ ದೂರ, ಕುಡಿಯಲಿಕ್ಕೆ ಯೋಗ್ಯ ಅಲ್ಲ" ಎಂದರೆ ನಾನು "ನಮಗೆ ತಿಳಿದ ಮಟ್ಟಿಗೆ" ಎಂದು ಸೇರಿಸುತ್ತಿದ್ದೆ. "ಬಾವಿ ತೋಡಿದರೆ ನೀರು ಬರುತ್ತದೆ" ಎಂದರೆ "ಬರದೆಯೂ ಇರಬಹುದು" ಎಂದು ಸೇರಿಸುತ್ತಿದ್ದೆ.

"ಎಂತ ರಾಯ್ರೇ ಇದು? ನೀವು ಬಾವಿ ಕೇಳುವುದಾ, ಬೇಡ ಅನ್ನುವುದಾ?" ಎಂದು ಸಿಸ್ಟರ್ ಆ ಸಾಲನ್ನು ಪೆನ್ಸಿಲಿನಿಂದ ಹೊಡೆದುಹಾಕುತ್ತಿದ್ದರು. "ಹೆದರಿಕೆ ನಿಮ್ಮತ್ರ ಇರಲಿ. ಕಾಗದದಲ್ಲಿ ಬೇಡ."

ಒಂದು ದಿನ ಉತ್ತರ ಬಂತು. ಈ ವರ್ಷ ಒಂದೇ ಬಾವಿ ಸಾಧ್ಯ. ಬೇರೊಂದು ದೇಶದ ಹಳ್ಳಿಯೂ ಕೇಳಿದೆ. ಈಸ್ಟರ್ ಮುಗಿಸಿ ಪೀಟರ್ ತಾನೇ ಹೆಂಡತಿಯ ಜೊತೆ ಬಂದು ನೋಡುತ್ತಾನೆ. ಅವನು ಹೂಂ ಎಂದರೆ ಮೇಲಿನ ವಾಡಿಗೆ, ಇಲ್ಲವೆಂದರೆ ಆ ಇನ್ನೊಂದು ಹಳ್ಳಿಗೆ.

"ಕಲ್ಯಾಣ ಸ್ಟೇಷನ್ನಿಂದ ಕರ್ಕೊಂಡು ಬರುವ ಜವಾಬ್ದಾರಿ ನಿಮ್ಮದು," ಎಂದರು ಸಿಸ್ಟರ್. ಆ ರಾತ್ರಿಯೇ ನಾನು ಹಾಳೆ ತೆಗೆದದ್ದು.

ಪಟ್ಟಿಯಲ್ಲಿ ನೀರಿನದ್ದೊಂದೇ ಬಗೆಹರಿಯದ ಪ್ರಶ್ನೆ. ಮೇಲಿನ ವಾಡಿಯಲ್ಲಿ ಅತಿಥಿ ಅಂಗಳಕ್ಕೆ ಬಂದ ಕೂಡಲೇ ಒಂದು ತಂಬಿಗೆ ನೀರು, ಒಂದು ತುಂಡು ಬೆಲ್ಲ ಕೊಡುತ್ತಾರೆ. ಅದಾದ ಮೇಲೇ ಮಾತು. ನಮ್ಮ ಉಡುಪಿ ಕಡೆಯ ಬೆಲ್ಲ-ನೀರಿನ ಪದ್ಧತಿಯೇ. ಮೊದಲ ಸಲ ಅಲ್ಲಿ ನೋಡಿದಾಗ ನನಗೆ ಅಜ್ಜಿಯ ಜಗಲಿ ಕಣ್ಣಿಗೆ ಬಂತು. ಆ ಜಗಲಿಯಲ್ಲಿ ಬೆಲ್ಲದ ತಟ್ಟೆ ಒಯ್ಯುವ ಕೆಲಸ ನನ್ನದು. ಒಮ್ಮೆ ಹೊಸ್ತಿಲು ದಾಟುವುದರೊಳಗೆ ತುಂಡಿನ ಒಂದು ಮೂಲೆ ಕಚ್ಚಿದ್ದೆ. ಬಂದಿದ್ದ ಭಾವಯ್ಯ ಹಲ್ಲಿನ ಗುರುತನ್ನು ನೋಡಿ, ನನ್ನನ್ನು ನೋಡಿ, "ಪರವಾಗಿಲ್ಲ, ನಿಮ್ಮಲ್ಲಿ ಇಲಿಗಳು ಶುಚಿಯಾಗಿವೆ," ಎಂದಿದ್ದರು. ಇರಲಿ. ವಿಷಯ ಏನೆಂದರೆ, ಆ ನೀರನ್ನು ಮುಟ್ಟದವನು ಆ ಮನೆಯನ್ನೇ ಮುಟ್ಟದವನ ಹಾಗೆ.

"ಅದಕ್ಕೆಂತ?" ಎಂದಳು ಸುಮತಿ. "ನಾವೇ ಇಲ್ಲಿಂದ ಕುದಿಸಿ ತಣಿಸಿ ಕಳಿಸುವ. ಆ ವಾಡಿಯ ಅಜ್ಜಿಯ ಕೈಯಲ್ಲಿ ಕೊಟ್ಟು, ಅವರ ತಂಬಿಗೆಯಲ್ಲೇ ಕೊಡಿಸಿ."

ಡೊಂಬಿವಲಿಯ ನೀರನ್ನು ಶುದ್ಧ ನೀರೆಂದು ಬೆಟ್ಟದ ಮೇಲಕ್ಕೆ ಹೊತ್ತ ಮೊದಲ ಮನುಷ್ಯ ನಾನೇ ಇರಬೇಕು. ನಮ್ಮ ನಲ್ಲಿ ಬೆಳಗಿನ ಐದಕ್ಕೆ ಕೆಮ್ಮಲು ಶುರುಮಾಡಿ ಆರಕ್ಕೆ ಸುಮ್ಮನಾಗುತ್ತಿತ್ತು. ಗಾಳಿ ಕಾರ್ಖಾನೆಗಳ ಕಡೆಯಿಂದ ಬೀಸಿದರೆ ನೀರಿಗೂ ಆ ವಾಸನೆ ಬಂದಂತೆ ಅನಿಸುತ್ತಿತ್ತು. ಸುಮತಿ ಅದನ್ನು ಎರಡು ಸಲ ಕುದಿಸಿದಳು, ಪಂಚೆಯಲ್ಲಿ ಸೋಸಿದಳು. ಬೇಸಿಗೆಯಲ್ಲಿ ನಮ್ಮ ಮನೆಯ ರೂಢಿಯಂತೆ, ಅವಳ ತಾಯಿ ಊರಿನಿಂದ ಕಳಿಸಿದ್ದ ಲಾವಂಚದ ಬೇರಿನ ಒಂದು ಹಿಡಿಯನ್ನೂ ಮಣ್ಣಿನ ಕೊಡದಲ್ಲಿ ಅದಕ್ಕೆ ಹಾಕಿಟ್ಟಳು. ಬೆಳಿಗ್ಗೆ ಕ್ಯಾನಿಗೆ ತುಂಬಿ ಮುಚ್ಚಳಕ್ಕೆ ಬಟ್ಟೆ ಬಿಗಿದಳು. ಎರಡನೆಯ ಮಾಳಿಗೆಯ ಪಾಟೀಲರು ಮೆಟ್ಟಿಲಲ್ಲಿ ಎದುರಾಗಿ, "ಕಾಯ್ ರಾವ್, ಹಾಲಿನ ಧಂಧೆ ಶುರುಮಾಡಿದ್ರಾ?" ಎಂದರು. ನೀರು ಎಂದರೆ ನಂಬುತ್ತಿರಲಿಲ್ಲ. ಹೌದು ಎಂದೆ.

ಇನ್ನು ಆ ದಿನ. ಅತಿಥಿಗಳು ಕಲ್ಯಾಣದಲ್ಲಿ ಎಲ್ಲರಿಗಿಂತ ಮೊದಲು ಇಳಿದರು. ಅವರು ಇಳಿದದ್ದಲ್ಲ, ಹಿಂದಿನ ಗರ್ದಿ ಅವರನ್ನು ಇಳಿಸಿತು. ಪೀಟರ್ ಎತ್ತರದ, ಅಗಲವಾದ ಕೈಗಳ ಮುದುಕ. ಅವನ ಹೆಂಡತಿ ಆನ್ನಾ ಚಿಕ್ಕ ಹೆಂಗಸು, ಟೋಪಿ ಅವಳಿಗಿಂತ ದೊಡ್ಡದು. ಅವಳ ಚೀಲವನ್ನು ಯಾರೋ ಕಿತ್ತುಕೊಂಡು ಓಡುತ್ತಿದ್ದಾನೆಂದು ನಾನು ಕೂಗುವಷ್ಟರಲ್ಲಿ ಆ ಗೃಹಸ್ಥ ಚೀಲವನ್ನು ಸೇತುವೆಯ ಬುಡದಲ್ಲಿಟ್ಟು, ನಮಸ್ಕಾರ ಮಾಡಿ, ತನ್ನ ಕೆಲಸಕ್ಕೆ ಹೋದ. ಜೀಪು ಕೆಡಲಿಲ್ಲ. ಇಂಗ್ಲಿಷು ಅವರಿಗೂ ಎರಡನೆಯ ಭಾಷೆಯಾದ್ದರಿಂದ ನಮ್ಮಿಬ್ಬರದೂ ಒಂದೇ ಕಾಲಿನಲ್ಲಿ ಕುಂಟುತ್ತಿತ್ತು, ಚೆನ್ನಾಗಿ ಜೊತೆಯಾಯಿತು. ಹಾವು ಬರಲಿಲ್ಲ. ಬಂದ ನಾಯಿ ಆನ್ನಾಳ ಹಿಂದೆಯೇ ಬಾಲ ಆಡಿಸುತ್ತಾ ಬೆಟ್ಟ ಹತ್ತಿತು. ಬದನೆ ಗದ್ದೆಯ ಬಳಿ ಅವಳು ನಿಂತುಬಿಟ್ಟಳು. ಉಣ್ಣೆ ಕೋಟು ಎರಡೂ ತೋಳು ಚಾಚಿ ನಿಂತಿತ್ತು.

"ನನ್ನ ಅತ್ತೆಯ ಹತ್ತಿರ ಇಂಥದ್ದೇ ಒಂದಿತ್ತು," ಎಂದಳು ಆನ್ನಾ. "ಅವರು ಹಾಕಿಕೊಂಡಾಗಲೂ ಹಕ್ಕಿಗಳು ಹತ್ತಿರ ಬರುತ್ತಿರಲಿಲ್ಲ." ಪೀಟರ್ ನಗದೆ ಮುಂದೆ ನಡೆದ. ಅವನ ತಾಯಿಯಲ್ಲವೇ.

ನಾನು ಕ್ಯಾನು ಹೊತ್ತು ಮುಂಚೆಯೇ ಓಡಿದೆ. ಮೇಲಿನ ವಾಡಿಗೆ ಹಿರಿಯಳು ಜನಾಬಾಯಿ. ಒಣಗಿದ ಸಣ್ಣ ಜೀವ, ಮಾತು ಮಾತ್ರ ಹಸಿ. ಗುಡಿಸಲಿನ ಹಿಂದೆ ಹೋಗಿ ವಿಷಯ ತಿಳಿಸಿದೆ. ಅವಳ ಮರಾಠಿಯನ್ನು ನನ್ನ ಕನ್ನಡದಲ್ಲಿ ಹೇಳುತ್ತೇನೆ, ತಮ್ಮಾ ಎನ್ನುವ ಅವಳ ಭಾವು ಒಂದನ್ನು ಬಿಟ್ಟು.

"ನನ್ನ ಮನೆಯಲ್ಲಿ ನಿನ್ನ ನೀರಾ?" ಎಂದಳು.

"ಆಜಿ, ಅವರ ಹೊಟ್ಟೆ ಸೂಕ್ಷ್ಮ. ಜ್ವರ ಬಂದರೆ ಸಿಸ್ಟರ್‌ಗೆ ಕೆಟ್ಟ ಹೆಸರು."

ಕ್ಯಾನಿನ ಬಟ್ಟೆ ಬಿಚ್ಚಿ ಮೂಸಿದಳು. "ಇದೇನು, ತಲೆಗೆ ಹಚ್ಚುವುದಾ, ಕುಡಿಯುವುದಾ?" ಎಂದು ನಕ್ಕಳು. "ಆಗಲಿ ಭಾವು. ತಂಬಿಗೆ ನನ್ನದು, ಬೆಲ್ಲ ನನ್ನದು. ನೀರೊಂದು ನಿನ್ನದಿರಲಿ."

ಅತಿಥಿಗಳು ಬಂದರು, ಚಾಪೆಯ ಮೇಲೆ ಕುಳಿತರು. ಬೆಳಿಗ್ಗೆಯೇ ಬಂದು ಕಾದಿದ್ದ ಸಿಸ್ಟರ್, ವಾಡಿಯವರು ಎಲ್ಲ ಸುತ್ತ ನಿಂತರು. ಜನಾಬಾಯಿ ತಂಬಿಗೆ ನೀಡಿದಳು. ಪೀಟರ್ ಬೆಲ್ಲ ಕಚ್ಚಿ, ನೀರು ಕುಡಿದ. ನಿಲ್ಲಿಸಿದ. ಮತ್ತೆ ಕುಡಿದ. ನಾನು ಮನಸ್ಸಿನಲ್ಲೇ ಪಟ್ಟಿಯ ಕೊನೆಯ ಸಾಲಿಗೂ ಗೀಟು ಎಳೆದೆ. ಅಷ್ಟು ನೆಮ್ಮದಿ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಪೀಟರ್ ತಂಬಿಗೆ ಕೆಳಗಿಟ್ಟು ಸಿಸ್ಟರ್ ಕಡೆ ತಿರುಗಿದ. "ಸಿಸ್ಟರ್, ನಾನು ನಲವತ್ತು ವರ್ಷ ಹಿಟ್ಟು ಕಲಸಿದವನು. ಬ್ರೆಡ್ಡು ಕೆಟ್ಟರೆ ಜನ ಹಿಟ್ಟನ್ನು ಬೈಯುತ್ತಾರೆ. ಕೆಟ್ಟಿರುವುದು ನೀರು. ನನಗೆ ನೀರು ಗೊತ್ತು." ತಂಬಿಗೆಯನ್ನು ಬೆರಳಿನಿಂದ ತಟ್ಟಿದ. "ಇದು ನಾನು ನಿಮ್ಮ ದೇಶಕ್ಕೆ ಬಂದ ಮೇಲೆ ಕುಡಿದ ಅತ್ಯುತ್ತಮ ನೀರು. ಹೂವಿನ ಹಾಗಿದೆ. ನಿಮ್ಮ ಪತ್ರದಲ್ಲಿ ಇದನ್ನು ಕುಡಿಯಲು ಯೋಗ್ಯವಲ್ಲ ಎಂದು ಏಕೆ ಬರೆದಿರಿ?"

ಸಿಸ್ಟರ್‌ಗೆ ಕ್ಯಾನಿನ ವಿಷಯ ಗೊತ್ತಿರಲಿಲ್ಲ. ಅವರಿಗೆ ಗೊತ್ತಾದರೆ ಅದೂ ಒಂದು ಸುಳ್ಳೆಂದು ಬೇಡ ಅಂದಾರೆಂಬ ಹೆದರಿಕೆಗೆ ನಾನು ಹೇಳಿರಲಿಲ್ಲ. ಅವರ ಮುಖ ಬಿಳಿ ಸೀರೆಯ ಬಣ್ಣಕ್ಕೆ ಬಂತು. ಪತ್ರ ಸುಳ್ಳಾಯಿತು, ಪತ್ರ ಬರೆಸಿದವರು ಸುಳ್ಳಾದರು, ಬಾವಿ ಬೇರೆ ದೇಶಕ್ಕೆ ಹೊರಟಿತು. ಇಷ್ಟು ಮಾಡಿದ್ದು ಒಂದು ಹಿಡಿ ಲಾವಂಚ.

ವಾಡಿಯವರಿಗೆ ಇಂಗ್ಲಿಷು ತಿಳಿಯದು. ಆದರೆ ಏನೋ ಕೈಜಾರುತ್ತಿದೆಯೆಂದು ಹೆಂಗಸರಿಗೆ ತಿಳಿಯಿತು. ಸಿಸ್ಟರ್ ಮೆಲ್ಲಗೆ ಕನ್ನಡದಲ್ಲಿ, "ರಾಯ್ರೇ, ಇದು ಎಂತ?" ಎಂದರು.

ನಾನು ಎದ್ದು ನಿಂತೆ. ಆಫೀಸಿನಲ್ಲಿ ಸಾಹೇಬರ ಎದುರಿಗೆ ನಿಲ್ಲುವ ಹಾಗೆ ಕೈ ಹಿಂದೆ ಕಟ್ಟಿಕೊಂಡೆ. "ಸರ್, ಆ ನೀರು ನನ್ನದು," ಎಂದೆ. ಡೊಂಬಿವಲಿ ಎಂದೆ, ಐದು ಗಂಟೆಯ ನಲ್ಲಿ ಎಂದೆ, ಎರಡು ಸಲ ಕುದಿಸಿದ್ದು ಎಂದೆ. ಲಾವಂಚಕ್ಕೆ ಇಂಗ್ಲಿಷು ಗೊತ್ತಿರದೆ "ಒಂದು ಬೇರು, ನನ್ನ ಅತ್ತೆಯದು" ಎಂದೆ. ಸಿಸ್ಟರ್‌ಗೆ ಇದಾವುದೂ ಗೊತ್ತಿಲ್ಲ, ಪತ್ರದ ಒಂದೊಂದು ಅಕ್ಷರವೂ ನಿಜ, ಏಕೆಂದರೆ ಅದನ್ನು ಟೈಪು ಮಾಡಿದವನು ನಾನು, ಅನುಮಾನವಿದ್ದ ಸಾಲನ್ನು ನಾನು ಬಿಡುವವನಲ್ಲ ಎಂದೆ. ಮಾತಿನ ನಡುವೆ ನನಗೇ ಆಶ್ಚರ್ಯವಾಯಿತು. ಕಾಲು ನಡುಗುತ್ತಿರಲಿಲ್ಲ. ಆಗಬಹುದಾದ್ದಕ್ಕೆ ನಡುಗುವ ನನ್ನ ಕಾಲು ಆಗಿಹೋದದ್ದಕ್ಕೆ ಗಟ್ಟಿಯಾಗಿ ನಿಲ್ಲುತ್ತದೆಂದು ನನಗೆ ತಿಳಿದದ್ದು ಅಂದು.

ಪೀಟರ್ ತಂಬಿಗೆಯೊಳಗೆ ಇಣುಕಿದ. ಆನ್ನಾ ಟೋಪಿಯ ಕೆಳಗಿಂದ ಅವನನ್ನೇ ನೋಡುತ್ತಿದ್ದಳು. ಕೊನೆಗೆ ಅವನು ಜನಾಬಾಯಿಯ ಕಡೆ ಕೈ ತೋರಿಸಿ ಕೇಳಿದ: "ಹಾಗಾದರೆ ಇವರ ನೀರು ಎಲ್ಲಿ?"

ಜನಾಬಾಯಿಗೆ ಅದನ್ನು ಯಾರೂ ಮರಾಠಿಯಲ್ಲಿ ಹೇಳಬೇಕಾಗಲಿಲ್ಲ. ಒಳಗೆ ಹೋಗಿ ಇನ್ನೊಂದು ತಂಬಿಗೆ ತಂದು ಮೊದಲಿನದರ ಪಕ್ಕದಲ್ಲಿಟ್ಟಳು. ಚಹಾದ ಬಣ್ಣದ ನೀರು, ಮೇಲೆ ಒಂದು ಕಸ ತೇಲುತ್ತಿತ್ತು. ಪೀಟರ್ ಬೆರಳು ಅದ್ದಿ, ಹೆಬ್ಬೆರಳಿಗೆ ಉಜ್ಜಿ, ಮೂಸಿದ. "ಇದು ಬರುವ ಜಾಗ ನೋಡಬೇಕು," ಎಂದ.

ಇದು ನಮ್ಮ ಕಾರ್ಯಕ್ರಮದಲ್ಲಿ ಇರಲಿಲ್ಲ. ವಾಡಿಯ ಆಚೆ ಬದಿಗೆ ಇಳಿದು, ಒಣಗಿದ ಹಳ್ಳದ ಬಂಡೆಗಳ ಮೇಲೆ ನಡೆದು ಹೋಗಬೇಕು. ಮುದುಕರಿಗೆ ಕಷ್ಟವೆಂದು ನಾವು ಅಂಗಳದಲ್ಲೇ ಮುಗಿಸುವವರಿದ್ದೆವು. ಈಗ ಅವರೇ ಹೊರಟರು. ನಮ್ಮ ಹಿಂದೆ ವಾಡಿ, ವಾಡಿಯ ಹಿಂದೆ ನಾಯಿ. ಹಳ್ಳದ ಮರಳಿನಲ್ಲಿ ಆಳವಾಗಿ ತೋಡಿದ ಒಂದು ಗುಂಡಿ. ಅದರೊಳಗೆ ಜನಾಬಾಯಿಯ ಸೊಸೆ ಕುಕ್ಕರಗಾಲಿನಲ್ಲಿ ಕುಳಿತು ತೆಂಗಿನ ಕರಟದಿಂದ ನೀರು ಕೆರೆಯುತ್ತಿದ್ದಳು. ತುಂಬುತ್ತಿದ್ದಳು ಎನ್ನಲಾಗುವುದಿಲ್ಲ. ಒಂದು ಕರಟ ತೆಗೆದರೆ ಇನ್ನೊಂದು ಕರಟದಷ್ಟು ಊರುವವರೆಗೆ ಕಾಯಬೇಕು. ಮೇಲೆ ನಾಲ್ಕು ಹೆಂಗಸರು ಕೊಡ ಇಟ್ಟುಕೊಂಡು ಸರದಿಯಲ್ಲಿದ್ದರು.

ಪೀಟರ್ ಒಂದು ಬಂಡೆಯ ಮೇಲೆ ಕುಳಿತ. "ನೋಡಿದಿರಲ್ಲ, ಹೋಗುವ," ಎಂದು ನಾನು ಹೇಳಹೊರಟೆ, ಬಿಸಿಲಿಗೆ ಹೆದರಿ. ಸಿಸ್ಟರ್ ನನ್ನ ತೋಳು ಹಿಡಿದು ಸುಮ್ಮನಾಗಿಸಿದರು. ಅವನು ಗಡಿಯಾರ ನೋಡಿಕೊಂಡು ಕುಳಿತೇ ಇದ್ದ. ಒಲೆಯ ಮುಂದೆ ಕಾಯುವುದು ಅವನಿಗೆ ರೂಢಿ. ಒಂದು ಕೊಡ ತುಂಬಿ ಸೊಸೆ ಅದನ್ನು ಮೇಲಕ್ಕೆ ಎತ್ತಿ ಕೊಟ್ಟಾಗ ಎದ್ದು, ಹೆಂಡತಿಗೆ ತಮ್ಮ ಭಾಷೆಯಲ್ಲಿ ಏನೋ ಹೇಳಿದ. ಆನ್ನಾ ನಮಗೆ ತಿಳಿಸಿದಳು: "ಇಷ್ಟು ಹೊತ್ತಿನಲ್ಲಿ ಅವನು ಎರಡು ಒಲೆ ಬ್ರೆಡ್ಡು ತೆಗೆಯುತ್ತಿದ್ದ. ಇದು ಒಂದು ಕೊಡ."

ಆಮೇಲೆ ಪೀಟರ್ ಸಿಸ್ಟರ್‌ಗೆ ಹೇಳಿದ, "ನೀವು ಇನ್ನು ಪತ್ರ ಬರೆಯಬೇಡಿ. ನಾನೇ ಹೋಗಿ ಹೇಳುತ್ತೇನೆ."

ಹೇಳಿದ. ಮಳೆಗಾಲ ಮುಗಿದ ಮೇಲೆ ಬಾವಿ ಕೊರೆಯುವ ಲಾರಿ ಬೆಟ್ಟ ಹತ್ತಿತು. ಮುಂದಿನ ಬೇಸಿಗೆಗೆ ಜನಾಬಾಯಿಯ ಅಂಗಳದಿಂದ ಕೂಗಳತೆಯಲ್ಲಿ ಕೈಪಂಪು ನಿಂತಿತು. ನೀರು ಬಂತು, ಈಗಲೂ ಬರುತ್ತಿದೆ. "ಕ್ಯಾನು ಮಾಡಿದ ಕೆಲಸ ಎಂಟು ಪತ್ರ ಮಾಡಲಿಲ್ಲ ರಾಯ್ರೇ," ಎಂದು ಸಿಸ್ಟರ್ ಹೇಳುತ್ತಾರೆ. ಇನ್ನೊಂದು ಕ್ಯಾನು ಒಯ್ಯಲು ಮಾತ್ರ ಎಂದೂ ಹೇಳಿಲ್ಲ. ಆ ಇನ್ನೊಂದು ಹಳ್ಳಿಯ ಬಗ್ಗೆ ನಾನು ಚಿಂತೆ ಮಾಡಿದೆ, ಅದು ನನ್ನ ಕೆಲಸವಲ್ಲವೇ. ಅದರ ಮರುವರ್ಷ ಅವರಿಗೂ ಆಯಿತೆಂದು ಆನ್ನಾ ಬರೆದಳು.

ಹಾಗಾದರೆ ಆ ದಿನ ತಪ್ಪಿದ್ದೇನೂ ಇಲ್ಲವೇ ಎಂದು ನೀವು ಕೇಳಬಹುದು. ಒಂದಿದೆ, ಸಣ್ಣದು.

ಗುಂಡಿಯ ಬಳಿಯಿಂದ ಎಲ್ಲರೂ ಹೊರಟಿದ್ದರು. ಜನಾಬಾಯಿ ಆಗಷ್ಟೇ ತುಂಬಿದ ಕೊಡದಿಂದ ಒಂದು ತಂಬಿಗೆ ಬಗ್ಗಿಸಿ ನನ್ನ ಮುಂದೆ ಹಿಡಿದಳು.

"ಸಾಹೇಬನ ಹೊಟ್ಟೆ ಸೂಕ್ಷ್ಮ, ಒಪ್ಪಿದೆ," ಎಂದಳು. "ನಿನಗೇನಾಗಿದೆ ಭಾವು? ಇದು ನಾಲ್ಕನೆಯ ಸಲ ನೀನು ಬರುತ್ತಿರುವುದು. ಪ್ರತಿ ಸಲ ನನ್ನ ಬೆಲ್ಲ ತಿನ್ನುತ್ತಿ, ತಂಬಿಗೆ ತುಟಿಗೆ ತಾಗಿಸಿ ಕೆಳಗಿಡುತ್ತಿ. ಆಮೇಲೆ ಮರದ ಹಿಂದೆ ಹೋಗಿ ಚೀಲದ ಬಾಟಲಿ ತೆಗೆಯುತ್ತಿ. ನಾನು ಮುದುಕಿ, ಕುರುಡಿಯಲ್ಲ."

ಬೈಗುಳದ ದನಿಯಲ್ಲ. ಲೆಕ್ಕ ಒಪ್ಪಿಸುವ ದನಿಯೂ ಅಲ್ಲ. ಬಹಳ ದಿನದಿಂದ ಹೇಳಬೇಕೆಂದಿದ್ದದ್ದನ್ನು ಹೇಳಿದಳು, ಅಷ್ಟೆ. ನಾನು ಬೆಲ್ಲ-ನೀರಿನ ಊರಿನಿಂದ ಬಂದವನು. ತಂಬಿಗೆ ತೆಗೆದುಕೊಂಡು ಕುಡಿದೆ. ಗಟಗಟನೆ, ತಳದವರೆಗೆ. ಹೊಟ್ಟೆಗೆ ಏನೂ ಆಗಲಿಲ್ಲ, ಅದನ್ನು ಈಗಲೇ ಹೇಳಿಬಿಡುತ್ತೇನೆ. ಆದರೆ ಬಾಯಿತುಂಬ ಮರಳು, ಕೊಳೆತ ಎಲೆಯ ಒಗರು, ಏನೋ ಕಬ್ಬಿಣದಂಥದ್ದು. ಸೊಸೆ ಕರಟ ಹಿಡಿದು ನೋಡುತ್ತಿದ್ದಳು. ಆನ್ನಾ ತಿರುಗಿ ನಿಂತು ನೋಡುತ್ತಿದ್ದಳು. ಅಂಗಳದಲ್ಲಿ ಅಷ್ಟು ಹೊತ್ತು ನಿಂತು ನಿಜ ಹೇಳಿದ್ದ ಮನುಷ್ಯ ನಾನು, ಬಾಯಿ ಒರೆಸಿಕೊಂಡು, "ಗೋಡ್ ಆಹೆ, ಆಜಿ," ಎಂದೆ. ಸಿಹಿಯಾಗಿದೆ ಅಜ್ಜಿ.

ಜನಾಬಾಯಿ ನನ್ನ ಮುಖ ನೋಡಿದಳು.

"ಸುಳ್ಳ!" ಎಂದು ನಗುತ್ತಾ, ತಂಬಿಗೆ ಕಿತ್ತುಕೊಂಡು, ಉಳಿದ ತೊಟ್ಟನ್ನು ಚೆಲ್ಲದೆ ಕೊಡಕ್ಕೆ ಹಾಕಿದಳು.